ತಾಳೆಗರಿ ಬುಟ್ಟಿ ಮತ್ತು ನನ್ನ ಹತ್ತು ಬೆರಳು

ಸುಮ್ಮನಿದ್ದರೆ ಉಳಿಯುವ ಮರ್ಯಾದೆಯನ್ನು ಬಾಯಿ ಬಿಟ್ಟು ಕಳೆದುಕೊಳ್ಳುವುದು ನನಗೆ ಆಗಾಗ ಆಗುತ್ತಲೇ ಇರುತ್ತದೆ. ಬುಟ್ಟಿ ಹೆಣೆಯೋದು ಕಲಿಯಲು ಹೋದ ಆ ಹದಿನೈದು ದಿನ ಮಾತ್ರ ದಿನಾ ಆಯಿತು.

ಮೇಷ್ಟ್ರು

ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ. ಪೀಣ್ಯದ ನಮ್ಮ ಕಾರ್ಖಾನೆಗೆ ಹೊಸ ಮಿಷನ್ ಕೂರಿಸಲು ಜಪಾನಿನಿಂದ ಹಿರಿಯ ಇಂಜಿನಿಯರ್ ಒಬ್ಬರು ಬಂದಿದ್ದರು, ಜತೆಗೆ ಇಲ್ಲಿಯವಳೇ ಒಬ್ಬ ದುಭಾಷಿ. ಇಂಜಿನಿಯರ್ ಅವರ ಊರು ಜಪಾನಿನ ದಕ್ಷಿಣ ತುದಿಯ ರ್ಯೂಕ್ಯೂ ದ್ವೀಪ. ಊಟದ ಹೊತ್ತಲ್ಲಿ ಗೇಟಿನ ಪಕ್ಕದ ತಾಳೆಗಿಡದ ಗರಿ ಕೊಯ್ದು ತಮ್ಮೂರ ಬುಟ್ಟಿ ಹೆಣೆದು ತೋರಿಸಿದರು. "ಇಷ್ಟೇನಾ? ನಾನೂ ಮಾಡ್ತೀನಿ" ಅಂದೆ. ದುಭಾಷಿ ಅದನ್ನೂ ಹೇಳಿಬಿಟ್ಟಳು. ಮಾರನೇ ದಿನದಿಂದ ಅವರು ನನಗೆ ಮೇಷ್ಟ್ರು.

ನಾನು ಗರಿ ಮಡಚಿದಾಗಲೆಲ್ಲ ಅವರು ಹಲ್ಲಿನ ಸಂದಿಯಿಂದ 'ಸ್‌ಸ್' ಅಂತ ಉಸಿರೆಳೆಯೋರು. ಮೆಚ್ಚಿಕೊಂಡರು ಅಂತ ಇನ್ನಷ್ಟು ಜೋರಾಗಿ ಹೆಣೆದೆ. ನಾಲ್ಕನೇ ದಿನ ದುಭಾಷಿಯನ್ನು ಕೇಳಿದೆ.

"ಸಾರ್, ಅವರ ಕಡೆ 'ನಿಮ್ಮ ಕೈಲಾಗಲ್ಲ' ಅಂತ ಮುಖದ ಮೇಲೆ ಹೇಳಲ್ಲ. ಹಾಗೆ ಉಸಿರೆಳೀತಾರೆ."

ಹುಳ

ಅಭ್ಯಾಸಕ್ಕೆ ಗರಿ ಬೇಕಲ್ಲ. ದಾಸರಹಳ್ಳಿಯಲ್ಲಿ ನಮ್ಮ ಮನೆ ಓನರ್ ಅಜ್ಜಿ ಬಾಗಿಲ ಪಕ್ಕ ಅಂಥದ್ದೇ ಒಂದು ತಾಳೆಗಿಡ ಸಾಕಿದ್ದರು. ದಿನಕ್ಕೊಂದು ಗರಿ ಎತ್ತಿದೆ.

"ಗಿಡ ಯಾಕಪ್ಪಾ ಇಂಗೆ ಬೋಳಾಗ್ತಾದೆ?"

"ಹುಳ ಬಿದ್ದಿರ್ಬೇಕು ಅಜ್ಜಿ."

ಪಾಪ, ಎಪ್ಪತ್ತು ದಾಟಿದ ಜೀವ ವಾರವಿಡೀ ಬೇವಿನೆಣ್ಣೆ ಕಲಸಿ ಸಿಂಪಡಿಸಿತು. ಬಕೆಟ್ ಹಿಡಿದು ಪಕ್ಕದಲ್ಲಿ ನಿಂತಿದ್ದವನು ನಾನೇ, ತಲೆ ಎತ್ತಲಾಗಲಿಲ್ಲ. ಭಾನುವಾರ ಮೋಟರ್ ಕೆಟ್ಟಿದೆ ಅಂತ ಹೇಳಲು ಅಜ್ಜಿ ಒಳಗೆ ಬಂದರು. ಮಂಚದ ಮೇಲೆ ಏಳು ಸೊಟ್ಟ ಬುಟ್ಟಿ. ಒಂದನ್ನೆತ್ತಿ ಆ ಕಡೆ ಈ ಕಡೆ ತಿರುಗಿಸಿ ನೋಡಿದರು.

"ಉಳಕ್ಕೆ ಎಣೆಯಾಕೂ ಸರಿಯಾಗಿ ಬರಾಕಿಲ್ವಲ್ಲಪ್ಪಾ."

ಬೀಳ್ಕೊಡುಗೆ

ಮೇಷ್ಟ್ರು ಹೊರಡುವ ದಿನ ಕೈಯಾರೆ ಹೆಣೆದ ಬುಟ್ಟಿ ಕೊಡ್ತೀನಿ ಅಂತ ಮ್ಯಾನೇಜರ್ ಹತ್ತಿರ ಕೊಚ್ಚಿಕೊಂಡಿದ್ದೆ. ಅವತ್ತು ಬೆಳಿಗ್ಗೆ ಅದರ ತಳವೇ ಕಳಚಿತು. ನಮ್ಮಲ್ಲಿ ಕಸ ಗುಡಿಸುತ್ತಿದ್ದ ಯಾದಗಿರಿ ಕಡೆಯ ಅಕ್ಕನಿಗೆ ದುಂಬಾಲು ಬಿದ್ದೆ. ಊರಲ್ಲಿ ಈಚಲ ಗರಿ ಹೆಣೆದು ಪಳಗಿದ ಕೈ. ಅರ್ಧ ಗಂಟೆಯಲ್ಲಿ ಹೊಸ ಬುಟ್ಟಿಯನ್ನೇ ಕೊಟ್ಟರು. ಅದನ್ನು ನನ್ನದು ಅಂತ ಎಲ್ಲರೆದುರು ಒಪ್ಪಿಸಿದೆ.

ಮೇಷ್ಟ್ರು ಬುಟ್ಟಿಯ ಅಂಚಿನ ಮೇಲೆ ಬೆರಳಾಡಿಸಿದರು. ಅವರ ಕಣ್ಣು ತುಂಬಿಬಂತು.

"ಈ ಅಂಚು ನಾನು ಕಲಿಸಿದ್ದಲ್ಲ, ನನಗೇ ಗೊತ್ತಿಲ್ಲ, ದಯವಿಟ್ಟು ತೋರಿಸಿ ಅಂತಿದಾರೆ" ಅಂದಳು ದುಭಾಷಿ.

ಯಾರೋ ಗರಿ ತಂದು ಕೈಗಿತ್ತರು. ಮಡಚಿದೆ, ಹರಿಯಿತು. ಇನ್ನೊಂದು ತಗೊಂಡೆ, ಅದೂ ಹರಿಯಿತು. ಬೆವರು ಕಣ್ಣಿಗಿಳಿಯಿತು. ಹಿಂದೆ ನಿಂತಿದ್ದ ಅಕ್ಕ ಪಾಪ ಅನ್ನಿಸಿ ಮುಂದೆ ಬಂದರು.

"ತರ್ರಿ ಇಲ್ಲಿ ಸಾರ್, ನಿಮಗೆಲ್ಲಿ ಬರತೈತಿ."

ಐವತ್ತು ಜನರ ಮುಂದೆ ನಿಂತಲ್ಲೇ ಕುಗ್ಗಿಹೋದೆ. ಮೇಷ್ಟ್ರು ಅಕ್ಕನೆದುರು ನೆಲದ ಮೇಲೆ ಕೂತು, ಅಂಚು ಕಟ್ಟೋದನ್ನು ಕಲಿತೇ ಎದ್ದರು. ಆಮೇಲೆ ನನ್ನನ್ನೊಮ್ಮೆ ನೋಡಿ, ಅಕ್ಕನಿಗೆ ಸೊಂಟ ಬಗ್ಗಿಸಿ ನಮಸ್ಕರಿಸಿ ಏನೋ ಅಂದರು. ದುಭಾಷಿ ತಡವರಿಸಿದಳು.

"ಅದು... ನನ್ನ ಶಿಷ್ಯ ಹಿಂಗಾಗಿದ್ದು ನನ್ನ ತಪ್ಪು, ಕ್ಷಮಿಸಿ ಅಂತಿದಾರೆ."

ಅಕ್ಕ ಗಾಬರಿಯಾಗಿ ಎರಡೂ ಕೈ ಮುಗಿದರು.

"ಅಯ್ಯ, ನೀವ್ಯಾಕ ಮರುಗ್ತೀರಿ ಬಿಡ್ರಿ? ನೀವು ಇವತ್ತ ಪಾರಾಗಿ ಹೋಗ್ತೀರಿ. ಈ ಸಾರ್ ಜೋಡಿ ಇಲ್ಲೇ ಇರೋರು ನಾವು!"