ಮಾಳಿಗಿ ಮ್ಯಾಲಿನ ಕರೆಂಟ್ ಬಂದೂಕು

ಮಾಳಿಗಿ ರೂಮು ಬಾಡಿಗಿ ಕೊಟ್ಟ ಮ್ಯಾಲೆ ನಾನು ಮಂದಿ ಕಿಟಕ್ಯಾಗ ಹಣಿಕಿ ಹಾಕೋದು ಬಿಟ್ಟೀನಿ. ಸುದ್ದಿನ ಮೆಟ್ಲ ಇಳದು ನನ್ನ ಜಗಲಿ ಕಟ್ಟಿಗೆ ಬರ್ತಾವು. ಬಾಡಿಗಿಗೆ ಬಂದಾಕಿ ಸಿರುಗುಪ್ಪದ ಹುಡುಗಿ, ಬಳ್ಳಾರ್ಯಾಗ ಎಂಜಿನಿಯರಿಂಗ್ ಕಾಲೇಜಿನ ಮೇಡಂ. ಆಕಿ ಮಾಡಾಕತ್ತಿದ್ದು ಏನು ಗೊತ್ತೇನ್ರಿ? ಬಂದೂಕು! ಮದ್ದಿಲ್ಲ, ಬೆಂಕಿ ಇಲ್ಲ. ಒಂದು ಕೊಳವಿ, ಸುತ್ತ ತಾಮ್ರದ ತಂತಿ. ಕರೆಂಟ್ ಕೊಟ್ಟರ ತಂತಿ ಸೂಜಿಗಲ್ಲಿನಂಗ ಆಗಿ ಮೊಳಿ ಎಳದು ಆಚಿಗೆ ಒಗಿಬೇಕಂತ. ಕಾಲೇಜಿನ ದೊಡ್ಡೋರ ಮುಂದ ಹಾರಿಸಿ ತೋರಿಸಿದ್ರ ಆಕಿಗೆ ಸ್ವಂತ ಲ್ಯಾಬ್ ಸಿಗತೈತಿ. ಆಕಿ ಅಪ್ಪ ನೋಡಿದ್ರ ಕುರುಗೋಡಿನ ವರನ್ನ ಗೊತ್ತು ಮಾಡಾಕ ಕುಂತಿದ್ದ. ಬಂದೂಕು ಮೊದಲೋ ಬಾಸಿಂಗ ಮೊದಲೋ ಅಂತ ಓಣಿಗೆ ಓಣಿನ ಕಾಯಾಕತ್ತಿತ್ತು.

ಗಡ್ಡ ಬಂದ ಕೊಳವಿ

ಮೊದಲ ದಿನ ಗಾಳಿಗಿರ್ಲಿ ಅಂತ ಬಂದೂಕನ್ನ ರೂಮಿನ ಹೊರಗ ಮಾಳಿಗಿ ಬಯಲಿಗೆ ಇಟ್ಟಳು. ರಸ್ತ್ಯಾಗ ಕಬ್ಬಿಣದ ಅದಿರಿನ ಲಾರಿ ಸಾಲು ಹಿಡದು ಹೊಂಟಿದ್ವು. ಕರೆಂಟ್ ಹಾಕಿದ್ಲು ನೋಡ್ರಿ, ಮಾಳಿಗಿ ಮ್ಯಾಲಿನ ಧೂಳೆಲ್ಲ ಎದ್ದು ಬಂದು ಕೊಳವಿಗೆ ಗಡ್ಡ ಆಗಿ ನಿಂತಿತು!

"ಅಮ್ಮಾ, ಮೊಳಿ ಅಲ್ಲಾಡವಲ್ದು. ಕೊಳವಿ ತುಂಬ ಧೂಳು," ಅಂದ್ಲು.

"ಹುಚ್ಚೀ, ಬ್ಯಾರೆ ಊರಾಗ ಬಂದೂಕಿಗೆ ಮಂದಿ ಗುಂಡು ತುಂಬ್ತಾರ. ಬಳ್ಳಾರ್ಯಾಗ ಗಾಳಿನ ತುಂಬತೈತಿ," ಅಂದೆ.

ಸಿಟ್ಟಿಗೆದ್ದ ಮೊಳಿ

ಕೊಳವಿ ತೊಳದು ಒಳಗ ತಂದು ಹಾರಿಸಿದ್ಲು. ಮೊಳಿ ಸರ್ರಂತ ತುದಿತನ ಹೋಯ್ತು. ನಾನು ಚಪ್ಪಾಳಿ ತಟ್ಟೋದ್ರಾಗ ಸರ್ರಂತ ಹಿಂದಕ್ಕ ಬಂದು ನಟ್ಟನಡುವ ಕುಂತಿತು.

"ಮೊಳಿ ನಡುವಿಗೆ ಬಂದ ಕೂಡ್ಲೆ ಕರೆಂಟ್ ಕಡೀಬೇಕು ಅಮ್ಮಾ. ತಡ ಆದ್ರ ಅದ ತಂತಿ ವಾಪಸ್ ಎಳಿತೈತಿ."

ಇದು ನನಗ ಹೊಸಾದೇನಲ್ಲ. ನಮ್ಮ ಯಜಮಾನ್ರೂ ಸಿಟ್ಟು ಮಾಡ್ಕೊಂಡು ಊರು ಬಿಡ್ತೀನಿ ಅಂತ ಹೋಗಿ, ಬಸ್‌ಸ್ಟ್ಯಾಂಡಿನಿಂದ ಊಟದ ಹೊತ್ತಿಗೆ ವಾಪಸ್ ಬರ್ತಿದ್ರು.

ಸುಟ್ಟ ವಾಸನಿ

ಜೋರಾಗಿ ಹಾರ್ಲಿ ಅಂತ ಮರುದಿನ ಕರೆಂಟ್ ಹೆಚ್ಚು ಕೊಟ್ಟಳು. ಮೊಳಿ ಹಾರಲಿಲ್ಲ, ತಂತಿ ಕಾದು ಸುಟ್ಟು ಹೊಗಿ ಎದ್ದಿತು. ಸಂಜಿಗೆಲ್ಲ, ಮೇಡಂ ಮದುವಿ ಮುಂಚೆ ಹಳೇ ಪ್ರೇಮಪತ್ರ ಸುಟ್ಟಾಳ ಅಂತ ಊರು ತುಂಬ ಸುದ್ದಿ. ಕುರುಗೋಡನ್ನೂ ಮುಟ್ಟಿತು. ಹಬ್ಬಿಸಿದಾಕಿ ನಾನಲ್ರಪಾ. ನಾನು ಹೇಳಿದ್ದು ಬರೇ ಎರಡು ಮನಿಗೆ.

ಬೀಗತಿ ಬಗ್ಗಿದಳು

ಸುದ್ದಿ ಖರೇನೋ ಸುಳ್ಳೋ ನೋಡಾಕ ವರನ ತಾಯಿ ಬಂದೇ ಬಿಟ್ಲು, ಮಗನ್ನ ಕರ್ಕೊಂಡು. ಮಗ ಕುಡತಿನಿ ಪವರ್ ಸ್ಟೇಷನ್ನಿನಾಗ ಕೆಲಸ ಮಾಡ್ತಾನ. ತಾಯಿ ಕೊಳ್ಳಾಗ ಎಮ್ಮಿ ಕಟ್ಟೋ ಹಗ್ಗದಂಥಾ ಸರ!

"ನೋಡವಾ, ನಮ್ಮದು ಬಂಗಾರದ ಮನಿತನ. ನಿಮ್ಮಪ್ಪ ಇಂಥಾದ್ದ ಸರ ಹಾಕ್ಬೇಕು. ಮದುವಿ ಆದ ಮ್ಯಾಲೆ ಈ ಕಬ್ಬಿಣದ ಆಟ ಬಂದ್!"

ಮೇಡಂ ಮಾರಿ ಸಣ್ಣದಾತು. "ಒಂದ್ಸಲ ನೋಡ್ರಿ ಅತ್ತಿ," ಅಂತ ಹೊಸಾ ತಂತಿ ಸುತ್ತಿದ ಬಂದೂಕಿಗೆ ಕರೆಂಟ್ ಹಾಕಿದ್ಲು. ಸ್ವಿಚ್ ಸಿಕ್ಕೊಂಡು ಬಂದ್ ಆಗಲಿಲ್ಲ. ಕರೆಂಟ್ ಹರೀತಾನ ಐತಿ, ಮೊಳಿ ನಡುವ ಕುಂತೈತಿ.

"ಎಲ್ಲೈತಿ ನಿನ್ನ ಗುಂಡು?" ಅಂತ ಬೀಗತಿ ತಂತಿ ಮ್ಯಾಲೆ ಬಗ್ಗಿದ್ಲು.

ಟಕ್! ಸರ ಹೋಗಿ ತಂತಿಗೆ ಕಚ್ಚಿತು. ಸರದ ಹಿಂದ ಕೊಳ್ಳು, ಕೊಳ್ಳಿನ ಹಿಂದ ಬೀಗತಿ!

"ಅಯ್ಯಯ್ಯೋ, ಬಿಡಸ್ರೋ!"

ಮಗ ಓಡಿ ಪ್ಲಗ್ ಕಿತ್ತ. ಮೇಡಂ ಪಾಪ, ಪಾಠ ಹೇಳೋ ಚಟದಾಕಿ. "ಹೆದರ್ಬ್ಯಾಡ್ರಿ ಅತ್ತಿ, ಇದು ಬಂಗಾರ ಎಳ್ಯಂಗಿಲ್ಲ, ಕಬ್ಬಿಣ ಅಷ್ಟ..." ಅಂದು ಅರ್ಧಕ್ಕ ಬಾಯಿ ಮುಚ್ಚಿದ್ಲು.

ಮಗ ನಕ್ಕೋತ ಅಂದ: "ಅವ್ವಾ, ಬಂಗಾರದ ಮಾತು ಇಲ್ಲಿಗೆ ಬಿಡು. ಮೇಡಂ, ತಡ ಆಗದಂಗ ಕರೆಂಟ್ ಕಡಿಯೋದು ಹೆಂಗಂತ ಇಬ್ರೂ ಕೂಡಿ ನೋಡೋಣ್ರಿ. ಆಟ ಬಂದ್ ಮಾಡ್ಬ್ಯಾಡ್ರಿ."

ಮೊಳಿ ಹಾರಿತು, ಲ್ಯಾಬೂ ಸಿಕ್ಕಿತು. ಮಾಳಿಗಿ ಮ್ಯಾಲೆ ಇಬ್ರ ನಿಶ್ಚಿತಾರ್ಥ ಆದ ದಿನ ಓಣಿ ಹೆಂಗಸ್ರೆಲ್ಲ ಮೈತುಂಬ ಬಂಗಾರ ಹಾಕ್ಕೊಂಡು ಬಂದು, ಮೆಟ್ಲ ಕೆಳಗ ನಿಂತು, "ಬಂದೂಕು ಬಂದ್ ಐತೇನ್ರೇ?" ಅಂತ ಕೇಳಿದ ಮ್ಯಾಲೇ ಹತ್ತಿದ್ರು.

ನಾನು ಕೇಳಲಿಲ್ಲ. ನನ್ನ ಬಂಗಾರದ ಬಳಿಗಳ್ನ ಮೊದಲೇ ಅಕ್ಕಿ ಡಬ್ಬ್ಯಾಗ ಇಟ್ಟು ಹೋಗಿದ್ದೆ.