ಜೆರುಸಲೇಮಿನ ಮಾದಲಹಣ್ಣು, ಹೊರ್ತಿಯ ಹೆಬ್ಬೆರಳು

ನಾವು ಇಂಡಿ ತಾಲೂಕಿನ ಹೊರ್ತಿಯವರು, ನಿಂಬಿ ಬೆಳೆಯೂ ಮಂದಿ. ಹಣ್ಣಿನ ವಿಷಯದಾಗ ನನಗ ಯಾರೂ ಏನೂ ಹೇಳೂದು ಬ್ಯಾಡ ಅಂತ ತಿಳಿದಿದ್ದ ಮನುಷ್ಯಾ ನಾನು.

ಹನಿ ನೀರಾವರಿ ನೋಡಾಕ ಇಸ್ರೇಲಿಗೆ ಹೋದ ರೈತರ ತಂಡದಾಗ ನಾನು, ನಮ್ಮಾಕಿ ಇಬ್ಬರೂ ಇದ್ದಿವಿ. ಜೆರುಸಲೇಮಿಗೆ ಬಂದಾಗ ಅಲ್ಲಿ ಯಹೂದಿಗಳ ಹಬ್ಬ ನಡದಿತ್ತು. ಮನಿ ಮುಂದ ಗರಿ ಹೊದಿಸಿದ ಹಂದರ ಹಾಕಿ, ಅದರಾಗ ಕುಂತು ಉಣ್ಣೂ ಹಬ್ಬ. ಆ ಹಬ್ಬದಾಗ ವರ್ಷಾ ಒಂದು ದೊಡ್ಡ ಮೆರವಣಿಗಿ. ದೇಶದೇಶದ ಮಂದಿ ತಮ್ಮ ಬಾವುಟಾ ಹಿಡದು ಊರ ತುಂಬ ನಡೀತಾರ. ನಾನೂ ರುಮಾಲು ಸುತ್ತಿ ನಮ್ಮಾಕಿ ಜೋಡಿ ಹೊಂಟೆ. ರಸ್ತೆದ ಎರಡೂ ಕಡೆ ನಿಂತ ಮಂದಿ ಚಪ್ಪಾಳಿ ಹೊಡದ್ರು. ಅದರಾಗ ಅರ್ಧಾ ಚಪ್ಪಾಳಿ ನನ್ನ ರುಮಾಲಿಗೇ ಅಂತ ನನ್ನ ಖಾತ್ರಿ!

ಅಷ್ಟರಾಗ ಫುಟ್‌ಪಾತಿನಿಂದ ಒಬ್ಬ ಅಜ್ಜಾರು ಮರಾಠಿಯೊಳಗ, ಎಲ್ಲಿಂದ ಬಂದ್ರಿ ಅಂತ ಕೇಳಿದ್ರು. ಕೊಂಕಣ ಸೀಮಿಯ ಯಹೂದಿ ಅವರು, ಸಣ್ಣವರಿದ್ದಾಗ ಅಪ್ಪನ ಜೋಡಿ ಇಲ್ಲಿಗೆ ಬಂದವರು. ನಮ್ಮದು ಗಡಿ ಸೀಮಿ, ಮರಾಠಿ ನಮಗ ಮನಿ ಮಾತಿದ್ದಂಗ; ಪರದೇಶದಾಗ ಅದನ್ನ ಕೇಳಿ ನನ್ನ ಕಣ್ಣಾಗ ನೀರು ಬಂತು. ನಿಂಬಿ ಬೆಳೀತೇನಿ ಅಂದೆ. ಅಜ್ಜಾರು ಖುಷಿಯಾಗಿ ಒಂದು ಡಬ್ಬಿ ತಗದು, ಅದರಾಗಿನ ಮಾದಲಹಣ್ಣು, ನಮ್ಮ ನಿಂಬಿಯ ದೊಡ್ಡಣ್ಣ, ನನ್ನ ಕೈಯಾಗ ಕೊಟ್ರು. ಹಬ್ಬ ಮುಗಿಯೂ ತನಕಾ ದಿನಾ ಪ್ರಾರ್ಥನಿಗೆ ಹಿಡಿಯೂ ಹಣ್ಣದು, ಪ್ಯಾಟಿ ಎಲ್ಲಾ ತಿರುಗಿ ಆರಿಸಿ ತಂದದ್ದು ಅಂದ್ರು.

ನೋಡಿದೆ. ಮೂಸಿದೆ. ತುದಿಗೆ ಒಂದು ಸಣ್ಣ ಕಡ್ಡಿ ಇತ್ತು. ನಮ್ಮಲ್ಲಿ ನಿಂಬಿಗೆ ಕಡ್ಡಿ ಉಳಿದ್ರ ಚೀಲದಾಗಿನ ಬ್ಯಾರೆ ಹಣ್ಣಿಗೆ ಚುಚ್ಚಿ ಕೊಳೀತಾವ. ಅದಕ್ಕ ಹಣ್ಣು ಕೈಗೆ ಬಂತಂದ್ರ ಹೆಬ್ಬೆರಳು ತಾನಾ ಕಡ್ಡಿ ಮುರೀತೈತಿ.

ಮುರೀತು!

ಅಜ್ಜಾರ ಮಾರಿ ಸಣ್ಣದಾತು. ಆ ತುದಿನೇ ಮುಖ್ಯ, ಅದು ಹೋದ್ರ ಪ್ರಾರ್ಥನಿಗೆ ನಡೀತೈತೋ ಇಲ್ಲೋ ಅಂದ್ರು ಮೆಲ್ಲಕ.

"ಏನ್ರೀ, ಮಂದಿ ದೇವರ ಹಣ್ಣು ಮುರದಿಟ್ರಲ್ರೀ," ಅಂದ್ಲು ನಮ್ಮಾಕಿ.

ಸದರಿ ಕಡ್ಡಿಯನ್ನು ಯಥಾಸ್ಥಾನದಲ್ಲಿ ಪುನಃ ಪ್ರತಿಷ್ಠಾಪಿಸತಕ್ಕದ್ದು ಅಂತ ನಾನು ಠರಾವು ಮಾಡಿದೆ. ನಮ್ಮಾಕಿ ಹಣಿಮ್ಯಾಗಿನ ಟಿಕಳಿ ತಗದು ಕೊಟ್ಲು. ಅದರ ಅಂಟಿನ ಮ್ಯಾಲ ಕಡ್ಡಿ ಕೂಡಿಸಿದೆ. ಕಡ್ಡಿ ಬಿತ್ತು, ಟಿಕಳಿ ಉಳೀತು! ಈಗ ಹಣ್ಣು ಸೀಮಂತಕ್ಕ ಕುಂತ ಹೆಣ್ಮಗಳಂಗ ಕಾಣಾಕತ್ತು. ಗಾಬರಿಯಾಗಿ, ಬಸ್ಸಿನ್ಯಾಗ ವಾಂತಿ ಬಂದೀತಂತ ಕಿಸೆದಾಗ ಇಟ್ಟಿದ್ದ ನಿಂಬಿಹಣ್ಣು ತಗದು, ಬದಲಿಗೆ ಇದನ್ನ ಹಿಡೀರಿ ಅಂದೆ.

ಅಜ್ಜಾರು ಎರಡೂ ಹಣ್ಣು ತಗೊಂಡು, ಬಾಜೂಮನಿ ಧರ್ಮಗುರುಗಳನ್ನ ಕೇಳಿ ಬರ್ತೇನಿ ಅಂತ ಹೋದ್ರು. ಮೆರವಣಿಗಿ ಮುಂದ ಹೋತು. ಓಡಿಹೋಗೂ ವಿಚಾರ ನನಗ ಬರಲಿಲ್ಲ ಅಂದ್ರ ಸುಳ್ಳಾದೀತು. ಆದ್ರ ನಮ್ಮಾಕಿ ನನ್ನ ರುಮಾಲಿನ ತುದಿ ಹಿಡದು ನಿಂತಿದ್ಲು.

ಅಜ್ಜಾರು ನಕ್ಕೋತ ಬಂದ್ರು. ಹಣ್ಣು ಪೂರಾ ಇರಲೇಬೇಕಾದದ್ದು ಹಬ್ಬದ ಮೊದಲನೇ ದಿನಾ ಅಂತ. ಅದು ಮುಗದೈತಿ, ಇನ್ನ ಉಳದ ದಿನಕ್ಕ ಕಡ್ಡಿ ಮುರದ ಈ ಮಾದಲಹಣ್ಣೇ ನಡೀತೈತಿ ಅಂತ ಗುರುಗಳು ಹೇಳಿದ್ರಂತ. ನನಗ ಹೋದ ಜೀವ ಬಂದಂಗಾತು. ಬೈಬೇಕಾದವರು ನಮ್ಮನ್ನ ತಮ್ಮ ಹಂದರಕ್ಕ ಕರಕೊಂಡು ಹೋಗಿ, ಎದುರು ಕುಂತು ಊಟಾ ಮಾಡಿಸಿದ್ರು. ನನ್ನ ನಿಂಬಿಹಣ್ಣನ್ನ ಹಂದರದ ಗರಿಗೆ ಕಟ್ಟಿ ಅಲಂಕಾರ ಮಾಡಿದ್ರು. ಆ ದೊಡ್ಡ ಮನಸಿನ ಉಪಕಾರ ಈ ಜನ್ಮದಾಗ ಮರಿಯಂಗಿಲ್ಲ.

ಹೊಂಡೂ ಮುಂದ ಅಜ್ಜಾರು ನನ್ನ ಎರಡೂ ಕೈ ಹಿಡದ್ರು. ಗಟ್ಟಿಯಾಗೇ ಹಿಡದ್ರು, ಹೆಬ್ಬೆರಳು ಸುದ್ದಾ.

"ಮುಂದಿನ ವರ್ಷಾನೂ ಬರ್ರಿ," ಅಂದ್ರು. "ಮೊದಲನೇ ದಿನಾ ಒಂದು ಬಿಟ್ಟು ಬರ್ರಿ."