ವೈನಿಯ ಮುಖ ನೀಲಿಯಾದದ್ದು

ನನ್ನನ್ನು ನೋಡಲು ಬಂದ ದಿನ ನಮ್ಮ ಯಜಮಾನರು ನನ್ನೊಬ್ಬಳನ್ನು ಬಿಟ್ಟು ಮಿಕ್ಕೆಲ್ಲವನ್ನೂ ನೋಡಿದರು! ಧಾರವಾಡದ ನಮ್ಮ ಪಡಸಾಲೆಗೆ ಬಿಸಿಲು ಬೀಳುತ್ತಿತ್ತು. ಕರವಸ್ತ್ರದೊಳಗಿಂದ ಒಂದು ಚೌಕ ಗಾಜು ತೆಗೆದು ಆ ಬಿಸಿಲಿಗೆ ಹಿಡಿದರು. ನನ್ನ ಅಪ್ಪ ಕುತೂಹಲದಿಂದ ಕೈ ಚಾಚಿದರೆ, "ಬೆರಳು ಹಚ್ಚಬ್ಯಾಡ್ರಿ ಮಾವಾರ, ಅಂಚು ಹಿಡೀರಿ!" ಎಂದರು. ಹೆಣ್ಣು ಒಪ್ಪುವ ಮೊದಲೇ ಮಾವಾರ! ಬಾಗಿಲ ಮರೆಯಲ್ಲಿ ನಾನು ನಾಚಿದ್ದೇನೋ ನಿಜ. ಅದು ಮದುಮಗಳ ನಾಚಿಕೆಯಲ್ಲ.

ಪುಣೆಯಲ್ಲಿ ಆ ನಾಚಿಕೆಯೊಂದಿಗೇ ಸಂಸಾರ ಮಾಡಿದೆ. ಅವರು ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ಗಾಜಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪದರಗಳನ್ನು ಕೂರಿಸುತ್ತಿದ್ದರು. ಅಲ್ಲಿ ಗಾಜನ್ನು ಅಂಚಿನಲ್ಲೇ ಹಿಡಿಯಬೇಕು, ಸರಿ. ಬೀಗರ ಮನೆಯ ಹೋಳಿಗೆಯನ್ನೂ ಅಂಚಿನಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಬೇಕೇ? "ಮಂದಿ ನೋಡ್ತಾರ್ರೀ!" ಎಂದು ನಾನು ಜಗ್ಗಿ ಜಗ್ಗಿ ಅವರ ಅಂಗಿಗಳೆಲ್ಲ ಒಂದು ಕಡೆ ಉದ್ದವಾಗಿದ್ದವು.

ವೈನಿ, ಅಂದರೆ ಅವರ ಅಣ್ಣನ ಹೆಂಡತಿ. ಆ ವೈನಿಯ ಮಗನ ಮದುವೆಯಲ್ಲಂತೂ ನಮ್ಮ ಯಜಮಾನರು ವೇದಿಕೆಯ ದೀಪಕ್ಕೇ ಅದೇ ಗಾಜನ್ನು ಓರೆಯಾಗಿ ಹಿಡಿದುಬಿಟ್ಟರು. ಮದುಮಕ್ಕಳ ಮೇಲೆ ಹಳದಿ ಬೆಳಕು, ಪಕ್ಕದಲ್ಲಿದ್ದ ವೈನಿಯ ಮೇಲೆ ನೀಲಿ!

"ಅಯ್ಯ, ನನ್ನ ಮಾರಿ ಯಾಕ ನೀಲಿ ಆಗೇದ?"

"ಅಹೋ ಕಾಕಾ, ಬಾಜೂಲಾ ವ್ಹಾ!" ಪಕ್ಕಕ್ಕೆ ಸರಿಯಿರೆಂದು ಫೋಟೋದವನ ಕೂಗು.

"ಗಾಬರಿ ಆಗಬ್ಯಾಡ್ರಿ ವೈನಿ. ಈ ಗಾಜಿಗೆ ಬಣ್ಣಾನ ಹಚ್ಚಿಲ್ಲ. ಉದ್ದನ ಅಲೆಯ ಬೆಳಕು ದಾಟಿ ಹೋತು, ಅದು ಹಳದಿ. ಗಿಡ್ಡ ಅಲೆಯದು ತಿರುಗಿ ನಿಮ್ಮ ಕಡೆ ಬಂತು, ಅದು ನೀಲಿ. ಬಣ್ಣದ ಗಾಜಾದ್ರ ಬ್ಯಾಡಾದ ಬೆಳಕು ನುಂಗತದ. ಇದು ಹಂಗ ನುಂಗೂದಿಲ್ಲ, ವಾಪಸ್ ಕೊಡತದ."

"ಗಿಡ್ಡ ಅಂದದ್ದು ನನಗೇನು?" ವೈನಿಯ ಎತ್ತರ ಅಷ್ಟಕ್ಕಷ್ಟೇ.

ನಾನು ಅಡುಗೆಯವರ ನಡುವೆ ನುಸುಳಿ ಸೌತೆಕಾಯಿ ಕೊಚ್ಚತೊಡಗಿದೆ. ಕೋಸಂಬರಿ ಆಗಲೇ ಬಡಿಸಿಯಾಗಿತ್ತು!

ಹೋದ ತಿಂಗಳು ಅವರು ತೀರಿಕೊಂಡರು. ವೈಕುಂಠ ಸಮಾರಾಧನೆಯ ದಿನ ಪುಣೆಯ ಕೋಥರೂಡದ ನಮ್ಮ ಮನೆ ತುಂಬ ಜನ. ಎಲ್ಲರೂ ಮೆಲ್ಲಗೆ ಮಾತಾಡಿದರು. ಹೋಳಿಗೆಯನ್ನು ಯಾರೂ ಬೆಳಕಿಗೆ ಹಿಡಿಯಲಿಲ್ಲ. ನಾಚಿಕೆಪಡುವಂಥದ್ದು ಏನೂ ನಡೆಯಲಿಲ್ಲ. ನನಗೆ ಅದನ್ನೇ ತಾಳಲಾಗಲಿಲ್ಲ.

ಅವರ ಕರವಸ್ತ್ರ ಬಿಚ್ಚಿ, ಆ ಗಾಜನ್ನು ಅಂಚಿನಲ್ಲಿ ಹಿಡಿದು ಕಿಟಕಿಯ ಬಿಸಿಲಿಗೆ ಒಡ್ಡಿದೆ. ಹಳದಿ ಅವರ ಫೋಟೋದ ಮೇಲೆ ಬಿತ್ತು, ನೀಲಿ ನನ್ನ ಸೀರೆಯ ಮೇಲೆ.

ವೈನಿ ಹತ್ತಿರ ಬಂದು ಪಿಸುಗುಟ್ಟಿದರು, "ಏ, ಮಂದಿ ನೋಡ್ಲಿಕತ್ತಾರ."

"ನೋಡ್ಲಿ ಬಿಡ್ರಿ. ಇಲ್ಲಿ ಬರ್ರಿ, ನೀವೂ ಸ್ವಲ್ಪ ನೀಲಿ ಆಗ್ರಿ."

ವೈನಿ ಸೆರಗಿನಿಂದ ಮುಖ ಒರೆಸಿಕೊಂಡು, ಫೋಟೋಕ್ಕೆ ನಿಲ್ಲುವವರಂತೆ, ನೆಟ್ಟಗೆ ನಿಂತರು.